ಚಾವಣಿಗೆ ಹಾಕುವ ಲಾಂಚ್ ಮಾನಿಟರ್: 9 ಅಡಿ 8 ಇಂಚು ಎತ್ತರದ ಕೋಣೆಗೆ ಯಾವುದು ಸರಿ?

ಎಡಗೈ_ಬಲಗೈ

ಎಲ್ಲರಿಗೂ ನಮಸ್ಕಾರ. ಮನೆಯ ಒಂದು ಕೋಣೆಯನ್ನು ಗಾಲ್ಫ್ ಸಿಮ್ಯುಲೇಟರ್‌ಗೆಂದೇ ಬಿಟ್ಟುಕೊಂಡಿದ್ದೇವೆ. ಉದ್ದ 19 ಅಡಿ, ಅಗಲ 14 ಅಡಿ, ನೆಲದಿಂದ ಸ್ಲ್ಯಾಬ್‌ವರೆಗೆ 9 ಅಡಿ 8 ಇಂಚು. ಫಾಲ್ಸ್ ಸೀಲಿಂಗ್ ಇಲ್ಲ. ಆಡುವವರು ಇಬ್ಬರು, ಒಬ್ಬರು ಬಲಗೈ, ಇನ್ನೊಬ್ಬರು ಎಡಗೈ. ಲಾಂಚ್ ಮಾನಿಟರ್ ಎಂದರೆ ಹೊಡೆದ ಚೆಂಡಿನ ವೇಗ, ದಿಕ್ಕು, ಸ್ಪಿನ್ (ತಿರುಗುವಿಕೆ) ಅಳೆಯುವ ಸಾಧನ. ಪ್ರತಿ ಹೊಡೆತಕ್ಕೂ ಅದನ್ನು ಆ ಕಡೆಯಿಂದ ಈ ಕಡೆಗೆ ಎತ್ತಿಡುವ ಗೋಳು ಬೇಡ ಅಂತಲೇ ಚಾವಣಿ ಮಾದರಿಯತ್ತ ನೋಡುತ್ತಿದ್ದೇವೆ. ನೆಲದಿಂದ 3 ಇಂಚು ಎತ್ತರದ ಮರದ ವೇದಿಕೆ ಮಾಡಿ ಅದರ ಮೇಲೆ ಮ್ಯಾಟ್ ಹಾಸುವ ಯೋಚನೆ.

ಪಟ್ಟಿಯಲ್ಲಿ ಇರುವುದು ಯುನೀಕರ್ ಐ ಎಕ್ಸ್‌ಒ2, ಪ್ರೋಟೀ ವಿಎಕ್ಸ್, ಫೋರ್‌ಸೈಟ್ ಫಾಲ್ಕನ್, ಟ್ರ್ಯಾಕ್‌ಮನ್ ಐಒ. ಈ ಎತ್ತರಕ್ಕೆ ಇವು ಸರಿಹೋಗುತ್ತವೆಯೇ? ಚೆಂಡಿನ ಮೇಲೆ ಗುರುತಿಲ್ಲದೆ ಬರುವ ಸ್ಪಿನ್ ಸಂಖ್ಯೆಯನ್ನು ನಂಬಬಹುದೇ? ಪ್ರೊಜೆಕ್ಟರ್ ಮತ್ತು ಮಾನಿಟರ್ ಎರಡೂ ಚಾವಣಿಯಲ್ಲಿದ್ದರೆ ಒಂದಕ್ಕೊಂದು ಅಡ್ಡ ಬರುವುದಿಲ್ಲವೇ?

ತೂಗುಗುಂಡು

ಬ್ರ್ಯಾಂಡ್ ಆಮೇಲೆ. ಮೊದಲು ವೇದಿಕೆಯ ವಿಷಯ ಮಾತಾಡೋಣ, ನಿಮ್ಮ ಲೆಕ್ಕ ತಪ್ಪುವುದು ಅಲ್ಲೇ.

ಚಾವಣಿ ಮಾನಿಟರ್‌ಗಳಲ್ಲಿ ಹೆಚ್ಚಿನವು ಕೇಳುವ ಎತ್ತರ ಸುಮಾರು 9ರಿಂದ 10.5 ಅಡಿ. ಇದು ಕೋಣೆಯ ಎತ್ತರವಲ್ಲ, ಚೆಂಡು ಕೂರುವ ಮ್ಯಾಟ್‌ನ ಮೇಲ್ಮೈಯಿಂದ ಅಳೆಯುವ ಎತ್ತರ. ನಿಮ್ಮ 9 ಅಡಿ 8 ಇಂಚು ಎಂದರೆ 116 ಇಂಚು. ವೇದಿಕೆಗೆ 3 ಇಂಚು ಹೋದರೆ 113. ಅದರ ಮೇಲೆ ಒಂದೂವರೆ ಇಂಚು ದಪ್ಪದ ಮ್ಯಾಟ್ ಹಾಸಿದರೆ 111.5. ಪೆಟ್ಟಿಗೆ ಮತ್ತು ಬ್ರ್ಯಾಕೆಟ್ ಸೇರಿ 5 ಇಂಚು ಕೆಳಗಿಳಿದರೆ ಲೆನ್ಸ್ ನಿಲ್ಲುವುದು 106.5 ಇಂಚಿನಲ್ಲಿ, ಅಂದರೆ 9 ಅಡಿಗೂ ಒಂದೂವರೆ ಇಂಚು ಕಡಿಮೆ. ತಯಾರಕರು ಎತ್ತರವನ್ನು ಲೆನ್ಸ್‌ವರೆಗೆ ಹೇಳಿದ್ದಾರೋ, ಬ್ರ್ಯಾಕೆಟ್ ಕೂರುವ ಚಾವಣಿವರೆಗೆ ಹೇಳಿದ್ದಾರೋ ನೋಡಿ. ಇದು ಮಾದರಿಯಿಂದ ಮಾದರಿಗೆ ಬೇರೆ. ಕೈಪಿಡಿಯ ಚಿತ್ರದಲ್ಲಿ ಬಾಣದ ತುದಿ ಎಲ್ಲಿ ಮುಟ್ಟಿದೆ ಅನ್ನುವುದೇ ನಿಮ್ಮ ಕೋಣೆಯ ತೀರ್ಪು.

ಎತ್ತರ ಕಡಿಮೆಯಾದರೆ ಕೆಡುವುದೇನು? ಕ್ಯಾಮೆರಾದ ನೋಟ ಕೆಳಕ್ಕೆ ಹೋದಂತೆ ಹರಡುತ್ತದೆ, ಆದ್ದರಿಂದ ಲೆನ್ಸ್ ಕೆಳಗೆ ಬಂದರೆ ಅದಕ್ಕೆ ಕಾಣುವ ನೆಲ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಎತ್ತರ ಹತ್ತನೇ ಒಂದು ಭಾಗ ಇಳಿದರೆ ಚೆಂಡು ಇಡಬಹುದಾದ ಜಾಗ, ಅಂದರೆ ಹಿಟ್ಟಿಂಗ್ ಜೋನ್‌ನ ಉದ್ದವೂ ಅಗಲವೂ ಹತ್ತನೇ ಒಂದು ಭಾಗ ಇಳಿಯುತ್ತವೆ. ಫೋಕಸ್ ಕೂಡ ನಿಗದಿತ ದೂರಕ್ಕೆ ಹೊಂದಿಸಿರುತ್ತದೆ. ತೀರಾ ಮೇಲಿದ್ದರೆ ತೊಂದರೆ ತಿರುಗುಮುರುಗು: ಚಿತ್ರದಲ್ಲಿ ಚೆಂಡು ಚಿಕ್ಕದಾಗುತ್ತದೆ, ಸಾಧನ ಚೆಂಡಿನ ಮೇಲೆ ಚೆಲ್ಲುವ ಇನ್‌ಫ್ರಾರೆಡ್ ಬೆಳಕು ಸೊರಗುತ್ತದೆ. 9 ಅಡಿಯಿಂದ 10.5 ಅಡಿಗೆ ಹೋದರೆ ಚೆಂಡಿಗೆ ತಲುಪುವ ಬೆಳಕು ಮುಕ್ಕಾಲು ಪಾಲಿನಷ್ಟಕ್ಕೆ ಇಳಿಯುತ್ತದೆ.

ವೇದಿಕೆ ಬಿಟ್ಟುಬಿಡಿ. ನೆಲದ ಮೇಲೆ ನೇರವಾಗಿ ಹಿಟ್ಟಿಂಗ್ ಮ್ಯಾಟ್ ಇಟ್ಟು, ಸುತ್ತ ಅಷ್ಟೇ ದಪ್ಪಕ್ಕೆ ಫೋಮ್ ಮತ್ತು ಟರ್ಫ್ ಹಾಸಿದರೆ ಒಟ್ಟು ಒಂದೂವರೆ ಇಂಚಿಗೆ ಮುಗಿಯುತ್ತದೆ. ಕಾಲು ನಿಲ್ಲುವ ಜಾಗವೂ ಚೆಂಡು ಕೂರುವ ಜಾಗವೂ ಒಂದೇ ಮಟ್ಟಕ್ಕಿರಲಿ. ಇಷ್ಟಾದರೆ ಲೆನ್ಸ್ 109.5 ಇಂಚಿಗೆ ಬರುತ್ತದೆ, ಒಂದೂವರೆ ಇಂಚು ಉಸಿರಾಡಲು ಜಾಗ.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಇಬ್ಬರಲ್ಲಿ ಎತ್ತರವಿರುವವರು ಡ್ರೈವರ್ (ಅತಿ ಉದ್ದದ ಕ್ಲಬ್) ಹಿಡಿದು ನಿಧಾನವಾಗಿ ಬ್ಯಾಕ್‌ಸ್ವಿಂಗ್ ಮತ್ತು ಫಾಲೋ ಥ್ರೂ ಮಾಡಲಿ, ಮತ್ತೊಬ್ಬರು ಕ್ಲಬ್ ತಲೆ ಹೋಗುವ ಅತಿ ಎತ್ತರದ ಬಿಂದುವನ್ನು ಟೇಪಿನಲ್ಲಿ ಅಳೆಯಲಿ. ಚಾವಣಿಗೆ 6 ಇಂಚಾದರೂ ಅಂತರ ಉಳಿಯಬೇಕು. ಅದಕ್ಕಿಂತ ಕಡಿಮೆ ಇದ್ದರೆ ಮೈ ತಾನಾಗಿಯೇ ಹೆದರಿ ಸ್ವಿಂಗ್ ಚಪ್ಪಟೆ ಮಾಡಿಕೊಳ್ಳುತ್ತದೆ. ಆಮೇಲೆ ಎಂಥ ಮಾನಿಟರ್ ತಂದರೂ ಅದು ಅಳೆಯುವುದು ಆ ಹೆದರಿದ ಸ್ವಿಂಗನ್ನೇ.

ಉದ್ದದ ಲೆಕ್ಕ: ಗೋಡೆಯಿಂದ ಚೆಂಡು ಬಡಿಯುವ ಪರದೆ 1 ಅಡಿ ಮುಂದೆ, ಪರದೆಯಿಂದ ಚೆಂಡು 10 ಅಡಿ, ಚೆಂಡಿನ ಹಿಂದೆ 8 ಅಡಿ. ಸರಿಯಾಗಿದೆ. ಅಗಲದಲ್ಲಿ ಇಬ್ಬರೂ ಮಧ್ಯದಿಂದ ಹೊಡೆಯುವುದರಿಂದ ಎರಡೂ ಕಡೆ 7 ಅಡಿ ಸಿಗುತ್ತದೆ. ಸಾಲುತ್ತದೆ, ಆದರೆ ಪಕ್ಕದ ಗೋಡೆಗೆ ಕಪಾಟು ಗಿಪಾಟು ಹಾಕಬೇಡಿ.

ನೆಲದಮೇಲೆ

ಅಪಸ್ವರ ಅಂದುಕೊಳ್ಳಬೇಡಿ. ಒಂದೂವರೆ ಇಂಚಿನ ಅಂತರದಲ್ಲಿ ಆಟವಾಡುವ ಬದಲು ಪಕ್ಕದಲ್ಲಿಡುವ ಕ್ಯಾಮೆರಾ ಮಾದರಿಯನ್ನೇ ಕೊಳ್ಳಬಹುದಲ್ಲ? ಯುನೀಕರ್ ಐ ಮಿನಿ ಇದೆ, ಫೋರ್‌ಸೈಟ್ ಜಿಸಿ3 ಇದೆ. ಬಯಲಿನ ಡ್ರೈವಿಂಗ್ ರೇಂಜ್‌ಗೂ ಹೊತ್ತೊಯ್ಯಬಹುದು. ಚಾವಣಿಯದ್ದು ಒಮ್ಮೆ ಕೂತರೆ ಕೂತಂತೆ. ಹಿಂದಿನಿಂದ ನೋಡುವ ರೇಡಾರ್ ಮಾದರಿಗಳು ಮಾತ್ರ ನಿಮಗೆ ಬೇಡ. ಅವು ಚೆಂಡಿನ ಹಿಂದೆ ಏಳೆಂಟು ಅಡಿ, ಮುಂದೆ ಕನಿಷ್ಠ ಎಂಟು ಅಡಿ ಹಾರಾಟ ಕೇಳುತ್ತವೆ. 19 ಅಡಿಯಲ್ಲಿ ಹೇಗೋ ತುರುಕಬಹುದು, ಆದರೆ ಆಟಗಾರ ಹಿಂದೆ ಓಡಾಡುವ ಜಾಗವೆಲ್ಲ ಅದಕ್ಕೇ ಹೋಗುತ್ತದೆ.

ತೂಗುಗುಂಡು

@ನೆಲದಮೇಲೆ ಒಬ್ಬರೇ ಆಡುವುದಾದರೆ ನಿಮ್ಮ ಮಾತು ನೂರಕ್ಕೆ ನೂರು. ಇಲ್ಲಿ ಬಲಗೈ, ಎಡಗೈ ಇಬ್ಬರೂ ಇದ್ದಾರೆ. ಪಕ್ಕದ ಮಾದರಿಯನ್ನು ಪ್ರತಿ ಸರದಿಗೂ ಎತ್ತಿ ಆಚೆ ಇಟ್ಟು ಮತ್ತೆ ದಿಕ್ಕು ಹೊಂದಿಸಬೇಕು. ಅದೂ ಅಲ್ಲದೆ ಅದು ಕೂರುವುದು ಶ್ಯಾಂಕ್ ಆದ (ಕ್ಲಬ್ ತಲೆಯ ಬುಡಕ್ಕೆ ತಗುಲಿ ಅಡ್ಡ ಸಿಡಿದ) ಚೆಂಡು ಹೋಗುವ ದಾರಿಯ ಹತ್ತಿರದಲ್ಲೇ.

ಡಿಂಪಲ್

ಸ್ಪಿನ್ ಬಗ್ಗೆ ಕೇಳಿದ್ದೀರಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗಂಟೆಗೆ 150 ಮೈಲಿ ವೇಗದಲ್ಲಿ ಹೊರಟ ಡ್ರೈವರ್ ಹೊಡೆತ ಒಂದು ಅಡಿ ದಾಟಲು ತೆಗೆದುಕೊಳ್ಳುವುದು ಸುಮಾರು 4.5 ಮಿಲಿಸೆಕೆಂಡ್. ಸೆಕೆಂಡಿಗೆ 3000 ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಆ ಒಂದು ಅಡಿಯಲ್ಲಿ 13 ಚಿತ್ರ ಸಿಗುತ್ತವೆ. ಸ್ಪಿನ್ ನಿಮಿಷಕ್ಕೆ 2500 ಸುತ್ತು, ಅಂದರೆ 2500 ಆರ್‌ಪಿಎಂ ಇದ್ದರೆ ಆ ಅವಧಿಯಲ್ಲಿ ಚೆಂಡು ತಿರುಗುವುದು ಅಂದಾಜು 68 ಡಿಗ್ರಿ, ಕಾಲು ಸುತ್ತೂ ಇಲ್ಲ. ಅದೇ ಮಧ್ಯಮ ದೂರದ ಕ್ಲಬ್ ಆದ 7 ಐರನ್‌ನಲ್ಲಿ ವೇಗ 120 ಮೈಲಿ, ಸ್ಪಿನ್ 7000 ಇದ್ದರೆ ಅದೇ ಒಂದು ಅಡಿಯಲ್ಲಿ ಸುಮಾರು 240 ಡಿಗ್ರಿ ತಿರುಗುತ್ತದೆ. ಹೀಗಾಗಿ ಎಲ್ಲ ಕ್ಯಾಮೆರಾ ಸಾಧನಗಳಿಗೂ ಕಷ್ಟ ಡ್ರೈವರ್‌ನಲ್ಲೇ. ತಿರುಗಿದ ಕೋನ ಓದುವುದರಲ್ಲಿ ಒಂದು ಡಿಗ್ರಿ ಆಚೀಚೆ ಆದರೂ ಡ್ರೈವರ್ ಸ್ಪಿನ್ 37 ಆರ್‌ಪಿಎಂ ಅಲುಗುತ್ತದೆ. ಅಷ್ಟು ಅಲುಗಾಟ ಪರವಾಗಿಲ್ಲ. ಒಂದೇ ರೀತಿಯ ಹೊಡೆತಕ್ಕೆ ಒಮ್ಮೆ 2400, ಒಮ್ಮೆ 4000 ಬಂದರೆ ಅದು ಅಳತೆಯಲ್ಲ, ಊಹೆ.

ಹಳೆಯ ಯುನೀಕರ್ ಕ್ಯೂಇಡಿಗೆ ಗುರುತು ಹಾಕಿದ ಚೆಂಡೇ ಬೇಕಿತ್ತು. ನಿಮ್ಮ ಪಟ್ಟಿಯಲ್ಲಿರುವ ಐ ಎಕ್ಸ್‌ಒ2, ವಿಎಕ್ಸ್ ಸಾಮಾನ್ಯ ಚೆಂಡಿನ ಮೇಲ್ಮೈಯನ್ನೇ ನೋಡಿ ತಿರುಗುವಿಕೆ ಲೆಕ್ಕ ಹಾಕುತ್ತವೆ. ಹಾಗಂತ ಅಚ್ಚು ಅಳಿಸಿಹೋದ ರೇಂಜ್ ಚೆಂಡು, ಮ್ಯಾಟ್‌ನ ಹಸಿರು ಬಣ್ಣ ಮೆತ್ತಿಕೊಂಡ ಚೆಂಡು ಕೊಟ್ಟರೆ ಅವಕ್ಕೂ ಹಿಡಿಯಲು ಏನೂ ಸಿಗುವುದಿಲ್ಲ. ಶುಭ್ರವಾದ ಚೆಂಡು ಇಡಿ, ಲೋಗೋ ಕ್ಯಾಮೆರಾ ಕಡೆಗೆ ಇರಲಿ. ಸಂಶಯ ಬಂದಾಗ ದಪ್ಪ ಕಪ್ಪು ಪೆನ್ನಿನಿಂದ ಒಂದು ಗೆರೆ ಎಳೆದು ಹತ್ತು ಚೆಂಡು ಹೊಡೆಯಿರಿ, ಗೆರೆ ಇಲ್ಲದ ಹತ್ತು ಚೆಂಡಿನ ಜೊತೆ ಹೋಲಿಸಿ. ಸರಾಸರಿ ಹತ್ತಿರ ಬಂದರೆ ನಿಶ್ಚಿಂತೆಯಿಂದ ಆಡಿ.

ಕ್ಲಬ್ ಡೇಟಾ ಬೇರೆಯದೇ ಕಥೆ. ಫೇಸ್ ಆಂಗಲ್ (ತಗಲುವಾಗ ಕ್ಲಬ್ ಮುಖ ತಿರುಗಿರುವ ಕೋನ), ಚೆಂಡು ಫೇಸ್‌ನ ಎಲ್ಲಿ ತಗುಲಿತು ಮುಂತಾದುವಕ್ಕೆ ಫೋರ್‌ಸೈಟ್ ಸಾಧನಗಳು ಕ್ಲಬ್ ಫೇಸ್ ಮೇಲೆ ಪ್ರತಿಫಲಿಸುವ ಚುಕ್ಕೆ ಸ್ಟಿಕರ್ ಕೇಳುತ್ತವೆ. ಪ್ರೋಟೀ ವಿಎಕ್ಸ್‌ನ ದೊಡ್ಡ ಆಕರ್ಷಣೆಯೇ ಸ್ಟಿಕರ್ ಬೇಡ ಅನ್ನುವುದು. ಸ್ಟಿಕರ್ ಕಿರಿಕಿರಿ ನಿಜ. ಅಂಚು ಸವೆದ ಚುಕ್ಕೆ ಏನೂ ತೋರಿಸದೆ ಸುಮ್ಮನಿದ್ದರೆ ಚಿಂತೆಯಿಲ್ಲ, ಕೆಲವೊಮ್ಮೆ ತಪ್ಪು ಕೋನವನ್ನೇ ನಿಜವೆಂಬಂತೆ ತೋರಿಸುತ್ತದೆ. ಆದರೆ ಸ್ವಿಂಗ್ ತಿದ್ದಿಕೊಳ್ಳುವುದೇ ಗುರಿಯಾದರೆ ಸ್ಟಿಕರ್‌ನ ಕೆಲಸ ಸಹಿಸಿಕೊಳ್ಳಬಹುದು. ಬರೀ ಕೋರ್ಸ್ ಆಡುವುದಾದರೆ ಚೆಂಡಿನ ವೇಗ, ಹೊರಟ ಕೋನ, ದಿಕ್ಕು, ಸ್ಪಿನ್, ಸ್ಪಿನ್ ಅಕ್ಷ ಸಾಕು. ಚೆಂಡಿನ ಹಾರಾಟವನ್ನು ತಂತ್ರಾಂಶ ಇವುಗಳಿಂದಲೇ ಲೆಕ್ಕ ಹಾಕುತ್ತದೆ.

ಐ ಎಕ್ಸ್‌ಒ2ದಲ್ಲಿ ಮೂರು ಕ್ಯಾಮೆರಾ ಇವೆ, ಹಿಂದಿನ ಎಕ್ಸ್‌ಒದಲ್ಲಿ ಎರಡು. ಆ ಮೂರನೆಯದರ ಲಾಭ ಹಿಟ್ಟಿಂಗ್ ಜೋನ್ ದೊಡ್ಡದಾಗುವುದು. ಎರಡು ಕೈಯವರೂ ಆಡುವ ಮನೆಯಲ್ಲಿ, ಅದರಲ್ಲೂ ಡ್ರೈವರ್‌ಗೆ ಒಂದು ಟೀ, ಐರನ್‌ಗೆ ಒಂದು ಜಾಗ ಎಂದಿರುವಾಗ ಇದು ಉಪಯೋಗಕ್ಕೆ ಬರುತ್ತದೆ. ಟ್ರ್ಯಾಕ್‌ಮನ್ ಐಒ ಕ್ಯಾಮೆರಾ ಜೊತೆ ರೇಡಾರ್ ಕೂಡ ಬಳಸುತ್ತದೆ, ಮತ್ತು ಆ ಕಂಪನಿಯದೇ ವರ್ಚುವಲ್ ಗಾಲ್ಫ್ ತಂತ್ರಾಂಶದ ಸುತ್ತ ಕಟ್ಟಿದ ಸಾಧನ ಅದು.

ಇದರಿಂದ ತಂತ್ರಾಂಶದ ಪ್ರಶ್ನೆ ಬರುತ್ತದೆ. ನನ್ನ ಪ್ರಕಾರ ಬ್ರ್ಯಾಂಡ್ ಆಯ್ಕೆ ನಿರ್ಧಾರವಾಗಬೇಕಿರುವುದು ಇಲ್ಲೇ. ನಿಮಗೆ ಜಿಎಸ್‌ಪ್ರೊ ಬೇಕೋ, ಇ6 ಕನೆಕ್ಟ್ ಬೇಕೋ, ಕಂಪನಿಯದೇ ಸಾಕೋ ಎಂದು ಮೊದಲು ತೀರ್ಮಾನಿಸಿ. ಆಮೇಲೆ ಮಾರುವವರಿಗೆ ಮೂರು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲೇ ಪಡೆಯಿರಿ: ಹೊರಗಿನ ತಂತ್ರಾಂಶಕ್ಕೆ ಜೋಡಿಸಲು ಯಾವ ಹಂತದ ಚಂದಾ ಬೇಕು? ಚಂದಾ ನಿಲ್ಲಿಸಿದರೆ ಸಾಧನದಲ್ಲಿ ಏನೇನು ಉಳಿಯುತ್ತದೆ? ಸಾಧನ ಮಾರಿದರೆ ಲೈಸೆನ್ಸ್ ಹೊಸಬರ ಹೆಸರಿಗೆ ಹೋಗುತ್ತದೆಯೇ? ಸಾಧನದ ಬೆಲೆಗೆ ಐದು ವರ್ಷದ ಚಂದಾ ಕೂಡಿಸಿ ಹೋಲಿಸಿದರೆ ಪಟ್ಟಿಯ ಕ್ರಮ ಎಷ್ಟೋ ಸಲ ಮೇಲೆ ಕೆಳಗಾಗುತ್ತದೆ.

ಲುಮೆನ್

ಪ್ರೊಜೆಕ್ಟರ್ ಪ್ರಶ್ನೆಗೆ ಯಾರೂ ಕೈಹಾಕಿಲ್ಲ, ಹಾಗಾಗಿ ಲೆಕ್ಕ ಕೊಡುತ್ತೇನೆ.

ಪರದೆಯ ಅಗಲ 12 ಅಡಿ ಎಂದಿಟ್ಟುಕೊಳ್ಳಿ. 16:10 ಚಿತ್ರವಾದರೆ ಎತ್ತರ 7.5 ಅಡಿ. ಥ್ರೋ ರೇಷಿಯೊವನ್ನು ಅಗಲಕ್ಕೆ ಗುಣಿಸಿದರೆ ಲೆನ್ಸ್‌ನಿಂದ ಪರದೆಗೆ ಬೇಕಾದ ದೂರ. ಯುನೀಕರ್ ಐ ಎಕ್ಸ್‌ಒ ತರಹದ ಸಾಧನ ಚೆಂಡಿನ ನೇರ ಮೇಲಲ್ಲ, ಅದಕ್ಕಿಂತ ಸುಮಾರು 3.5 ಅಡಿ ಪರದೆಯ ಕಡೆಗೆ ಕೂರುತ್ತದೆ, ಅಲ್ಲಿಂದ ಹಿಂದಕ್ಕೆ ಓರೆಯಾಗಿ ನೋಡುತ್ತದೆ. ನಿಮ್ಮಲ್ಲಿ ಚೆಂಡು ಪರದೆಯಿಂದ 10 ಅಡಿ, ಅಂದರೆ ಮಾನಿಟರ್ ಪರದೆಯಿಂದ 6.5 ಅಡಿ.

ಈಗ 0.5 ಥ್ರೋ ಪ್ರೊಜೆಕ್ಟರ್ ತಂದರೆ ಲೆನ್ಸ್ 6 ಅಡಿಯಲ್ಲಿ. ಕಾಗದದ ಮೇಲೆ ಅರ್ಧ ಅಡಿ ಅಂತರ ಕಾಣುತ್ತದೆ. ಆದರೆ ಪ್ರೊಜೆಕ್ಟರ್‌ನ ಮೈ ಲೆನ್ಸ್‌ನಿಂದ ಹಿಂದಕ್ಕೆ ಒಂದು ಅಡಿ ಚಾಚಿರುತ್ತದೆ. ಎರಡು ಪೆಟ್ಟಿಗೆ ಒಂದೇ ಜಾಗದಲ್ಲಿ ಕೂರಲಾರವು! 0.8 ತಂದರೆ ಲೆನ್ಸ್ 9.6 ಅಡಿಗೆ, ಹೆಚ್ಚುಕಡಿಮೆ ಚೆಂಡಿನ ತಲೆಯ ಮೇಲೆ. ಅದು ಕ್ಲಬ್ ಬೀಸುವ ಜಾಗ, ಅಲ್ಲಿ ಬೇಡವೇ ಬೇಡ. 0.4 ಆದರೆ ಲೆನ್ಸ್ 4.8 ಅಡಿ, ಮೈ ಮುಗಿಯುವುದು 5.8ರಲ್ಲಿ. ಮಾನಿಟರ್ ಪೆಟ್ಟಿಗೆಯ ಅರ್ಧ ಮೈ ಕಳೆದರೂ ಕೈಹಾಕಿ ಕೇಬಲ್ ಸಿಕ್ಕಿಸುವಷ್ಟು ಸಂದು ಉಳಿಯುತ್ತದೆ. ಹಾಗಾಗಿ ನಿಮಗೆ 0.4ರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಪ್ರೊಜೆಕ್ಟರ್‌ನ ಬಿಸಿಗಾಳಿ ಹೊರಬರುವ ಕಡೆ ಮಾನಿಟರ್ ಇರದ ಹಾಗೆ ನೋಡಿಕೊಳ್ಳಿ.

ಪರದೆಯ ಮೇಲಿನ ಸಂದನ್ನೂ ಮರೆಯಬೇಡಿ. ಚೆಂಡಿನಿಂದ 10 ಅಡಿ ದೂರದಲ್ಲಿ 7.5 ಅಡಿ ಎತ್ತರ ಎಂದರೆ 37 ಡಿಗ್ರಿ. ಫೇಸ್ ತೆರೆದು ಹೊಡೆದ ಲಾಬ್ ವೆಜ್ (ಚೆಂಡನ್ನು ಕಡಿದಾಗಿ ಎತ್ತುವ ಕ್ಲಬ್) ಅದನ್ನು ಮೀರುತ್ತದೆ. ಪರದೆಯ ಮೇಲಂಚಿನಿಂದ ಚಾವಣಿಗುಂಟ ಹಿಂದಕ್ಕೆ ಎರಡು ಮೂರು ಅಡಿ ಬಲೆಯನ್ನೋ ದಪ್ಪ ಬಟ್ಟೆಯನ್ನೋ ಇಳಿಬಿಡಿ. ಮಾನಿಟರ್‌ಗೆ ನೇರ ಏಟು ಬೀಳಬೇಕಾದರೆ ಚೆಂಡು 68 ಡಿಗ್ರಿಗಿಂತ ಕಡಿದಾಗಿ ಏಳಬೇಕು, ಆ ಭಯ ಇಲ್ಲ. ಚಾವಣಿಗೆ ಬಡಿದು ಮರಳುವ ಚೆಂಡೇ ಅಪಾಯ.

ಎಡಗೈ_ಬಲಗೈ

ಬಹಳ ಉಪಕಾರವಾಯಿತು. ವೇದಿಕೆ ಕೈಬಿಟ್ಟೆವು. ಜಿಎಸ್‌ಪ್ರೊ ಬೇಕೇ ಬೇಕು, ಕ್ಲಬ್ ಡೇಟಾ ಇದ್ದರೆ ಒಳ್ಳೆಯದು ಅಷ್ಟೇ. ಹಾಗಾಗಿ ಪಟ್ಟಿ ಎಕ್ಸ್‌ಒ2 ಮತ್ತು ವಿಎಕ್ಸ್‌ಗೆ ಇಳಿದಿದೆ. ಕೂರಿಸುವುದು ನಾವೇ. ಒಂದು ಗೋಡೆಯಲ್ಲಿ ದೊಡ್ಡ ಕಿಟಕಿ ಇದೆ, ಚೆಂಡಿನ ಜಾಗದ ಹತ್ತಿರ ಸೀಲಿಂಗ್ ಫ್ಯಾನ್ ಇದೆ. ಏನೇನು ಜಾಗ್ರತೆ ಬೇಕು?

ತೂಗುಗುಂಡು

ಫ್ಯಾನ್ ಬಿಚ್ಚಿಬಿಡಿ. ಕ್ಲಬ್ ತಗಲುವುದು ಒಂದು ಕಡೆ, ಅದರ ನಡುಕ ಪಕ್ಕದ ಬ್ರ್ಯಾಕೆಟ್‌ಗೂ ಹೋಗುತ್ತದೆ. ಗೋಡೆ ಫ್ಯಾನ್ ಹಾಕಿ.

ಕೂರಿಸುವ ಕ್ರಮ ಹೀಗೆ. ಪರದೆಯ ನಡುವಿನಿಂದ ಹಿಂದಿನ ಗೋಡೆಗೆ ಒಂದು ದಾರ ಬಿಗಿದು ಕಟ್ಟಿ, ಅಥವಾ ಲೇಸರ್ ಗೆರೆ ಹಾಕಿ. ದಾರ ಪರದೆಗೆ ಲಂಬವಾಗಿದೆಯೇ ಎಂದು 3-4-5 ಅಡಿ ತ್ರಿಕೋನದಿಂದ ಪರೀಕ್ಷಿಸಿ, ಕೋಣೆಯ ಗೋಡೆಗಳನ್ನು ನಂಬಬೇಡಿ. ದಾರದ ಮೇಲೆ ಚೆಂಡಿನ ಜಾಗ ಗುರುತಿಸಿ, ಅಲ್ಲಿಂದ ಕೈಪಿಡಿ ಹೇಳಿದಷ್ಟು ದೂರ ಪರದೆಯ ಕಡೆಗೆ ಇನ್ನೊಂದು ಗುರುತು. ಆ ಗುರುತಿನ ಮೇಲೆ ಚಾವಣಿಯಿಂದ ತೂಗುಗುಂಡು ಇಳಿಬಿಟ್ಟರೆ ಪೆಟ್ಟಿಗೆಯ ನಡುಬಿಂದು ಸಿಗುತ್ತದೆ. ಸ್ಲ್ಯಾಬ್ ಆದ್ದರಿಂದ 8 ಮಿಲಿಮೀಟರ್ ಆಂಕರ್ ಬೋಲ್ಟ್ ನಾಲ್ಕು ಸಾಕು, ಆದರೆ ಕೊರೆಯುವ ಮೊದಲು ಸ್ಲ್ಯಾಬ್ ಒಳಗಿನ ವಿದ್ಯುತ್ ಪೈಪ್ ಎಲ್ಲಿ ಓಡಿದೆ ಎಂದು ತಿಳಿದುಕೊಳ್ಳಿ. ಬ್ರ್ಯಾಕೆಟ್ ಜೊತೆಗೆ ಬೇರೆಯೇ ಒಂದು ಬೋಲ್ಟ್‌ಗೆ ಸ್ಟೀಲ್ ತಂತಿಯ ಕೊಂಡಿ ಹಾಕಿ. ಮೊದಲನೆಯದು ಸಡಿಲವಾದರೆ ಎರಡನೆಯದು ಹಿಡಿಯಬೇಕು. ರಸಮಟ್ಟ ಇಟ್ಟು ಎರಡು ದಿಕ್ಕಿನಲ್ಲೂ ಸಮ ಮಾಡಿ.

ದಿಕ್ಕಿನ ವಿಷಯದಲ್ಲಿ ಅಸಡ್ಡೆ ಬೇಡ. ಒಂದು ಅಡಿ ಅಗಲದ ಪೆಟ್ಟಿಗೆಯ ಒಂದು ತುದಿ ಇನ್ನೊಂದಕ್ಕಿಂತ 5 ಮಿಲಿಮೀಟರ್ ಮುಂದಿದ್ದರೆ ಸರಿಸುಮಾರು ಒಂದು ಡಿಗ್ರಿ ತಿರುಗಿದಂತೆ. ಒಂದು ಡಿಗ್ರಿ ಎಂದರೆ 250 ಗಜ ದೂರದಲ್ಲಿ 4.4 ಗಜ. ಸಾಧನದ ಜೊತೆ ಬರುವ ಕ್ಯಾಲಿಬ್ರೇಶನ್ ಫಲಕ ಸಣ್ಣ ಓರೆಯನ್ನು ಸರಿಪಡಿಸುತ್ತದೆ, ಆದರೆ ಆ ಫಲಕವನ್ನೇ ಓರೆಯಾಗಿ ಇಟ್ಟರೆ ಅದೇ ಓರೆ ಸಾಧನದೊಳಗೂ ಕೂರುತ್ತದೆ. ಫಲಕವನ್ನು ದಾರಕ್ಕೆ ಹೊಂದಿಸಿಯೇ ಇಡಿ. ಮ್ಯಾಟ್ ಮೊದಲೇ ಹಾಸಿರಲಿ. ಬರಿ ನೆಲದ ಮೇಲೆ ಕ್ಯಾಲಿಬ್ರೇಟ್ ಮಾಡಿ ಆಮೇಲೆ ಮ್ಯಾಟ್ ಹಾಸಿದರೆ ಎತ್ತರದ ಲೆಕ್ಕ ಅಷ್ಟರಮಟ್ಟಿಗೆ ತಪ್ಪುತ್ತದೆ.

ಮುಗಿದ ಮೇಲೆ ಪರೀಕ್ಷೆ: ಎರಡು ಅಲೈನ್‌ಮೆಂಟ್ ಕಡ್ಡಿಗಳನ್ನು ದಾರಕ್ಕೆ ಸಮಾನಾಂತರವಾಗಿ, ಚೆಂಡು ಹಿಡಿಯುವಷ್ಟೇ ಸಂದು ಬಿಟ್ಟು ಇಡಿ. ಚೆಂಡಿನ ವ್ಯಾಸ 42.7 ಮಿಲಿಮೀಟರ್, ಸಂದು 44 ಸಾಕು. ಅದರ ನಡುವೆ ಹತ್ತು ಪಟ್ ಉರುಳಿಸಿ. ಹೊರಟ ದಿಕ್ಕಿನ ಸರಾಸರಿ ಸೊನ್ನೆಯಿಂದ 0.3 ಡಿಗ್ರಿ ಒಳಗಿರಬೇಕು. ಇಬ್ಬರು ಎರಡು ಕೈಯವರಿರುವುದು ನಿಮಗೆ ಒಂದು ವರವೇ. ಮುಂದೆ ಎಂದಾದರೂ ಇಬ್ಬರ ಚೆಂಡೂ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ಹೊರಟರೆ ಮಾನಿಟರ್ ಅಲುಗಿದೆ ಎಂದರ್ಥ. ಬಲಗೈಯವರದು ಬಲಕ್ಕೆ, ಎಡಗೈಯವರದು ಎಡಕ್ಕೆ ಹೋದರೆ ಸ್ಕ್ರೂಡ್ರೈವರ್ ಕೆಳಗಿಡಿ, ತಪ್ಪು ಸ್ವಿಂಗ್‌ನಲ್ಲಿದೆ.

ಲುಮೆನ್

ಕಿಟಕಿಗೆ ಬೆಳಕು ಪೂರ್ತಿ ತಡೆಯುವ ಪರದೆ ಬೇಕು, ತೆಳು ಬಟ್ಟೆಯಲ್ಲ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿದೆ. ಮ್ಯಾಟ್ ಮೇಲೆ ಬಿಸಿಲಿನ ಪಟ್ಟಿ ಬಿದ್ದರೆ ಸಾಧನ ಚೆಂಡನ್ನು ಕಾಣುವುದೇ ಇಲ್ಲ, ಇಲ್ಲವೇ ಆ ಪಟ್ಟಿಯನ್ನೇ ಚೆಂಡು ಎಂದುಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಹೊಡೆತ ತಪ್ಪಿಸುವ ಸಾಧನಗಳ ಕಾಯಿಲೆ ಬಹುಪಾಲು ಇದೇ. ಹ್ಯಾಲೊಜೆನ್, ಹಳೆಯ ತಂತಿ ಬಲ್ಬ್ ಎರಡೂ ಬೇಡ, ಎಲ್‌ಇಡಿ ಇರಲಿ, ಅದೂ ಲೆನ್ಸ್‌ಗೆ ನೇರ ಕಾಣದ ಹಾಗೆ. ಕೋಣೆಯಲ್ಲಿ ಸಿಸಿಟಿವಿ ಕ್ಯಾಮೆರಾ ಇದ್ದರೆ ಅದರ ರಾತ್ರಿ ನೋಟವನ್ನು ಆಫ್ ಮಾಡಿ. ಅದು ಚೆಲ್ಲುವುದು ಸಾಮಾನ್ಯವಾಗಿ 850 ನ್ಯಾನೊಮೀಟರ್ ಇನ್‌ಫ್ರಾರೆಡ್, ಕಣ್ಣಿಗೆ ಕಾಣದೆ ಕಾಟ ಕೊಡುತ್ತದೆ.

ಜೋನ್ ಒಳಗೆ ಒಂದೇ ಚೆಂಡು. ಬಿಳಿ ಟೀ ಬದಲು ಕಪ್ಪು ಅಥವಾ ಹಸಿರು ರಬ್ಬರ್ ಟೀ. ಹೊಳೆಯುವ ಪಟ್ಟಿ ಇರುವ ಶೂ, ಬಿಳಿ ಶೂ ಜೋನ್ ಅಂಚಿಗೆ ಬಂದರೂ ಕೆಲವೊಮ್ಮೆ ಸಾಧನ ಗಲಿಬಿಲಿಯಾಗುತ್ತದೆ.

ಡಿಂಪಲ್

ಪಿಸಿ ಬಗ್ಗೆ ಎರಡು ಮಾತು. ಮಾನಿಟರ್‌ಗೆ ಒಂದು ಗಿಗಾಬಿಟ್ ಲ್ಯಾನ್ ಪೋರ್ಟ್ ಪೂರ್ತಿ ಬಿಟ್ಟುಕೊಡಿ, ಇಂಟರ್‌ನೆಟ್ ವೈಫೈನಲ್ಲಿ ಬರಲಿ. ಕ್ಯಾಟ್6 ಕೇಬಲ್ ಅನ್ನು ಚಾವಣಿ ಕೆಲಸದ ಜೊತೆಯಲ್ಲೇ ಎಳೆದುಬಿಡಿ, ಇನ್ನೊಂದು ಹೆಚ್ಚುವರಿ ಕೇಬಲ್ ಕೂಡ ಎಳೆದಿಟ್ಟರೆ ಜಾಣತನ. ನೆಟ್‌ವರ್ಕ್ ಅಡಾಪ್ಟರ್‌ನ ವಿದ್ಯುತ್ ಉಳಿತಾಯ ಆಯ್ಕೆಯನ್ನು ತೆಗೆದುಹಾಕಿ, ಇಲ್ಲದಿದ್ದರೆ ಅರ್ಧ ಗಂಟೆ ಬಿಟ್ಟು ಬಂದಾಗ ಸಾಧನ ಸಿಗುತ್ತಿಲ್ಲ ಎನ್ನುತ್ತದೆ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಸಂಪರ್ಕ ತಪ್ಪಿದರೆ ಮೊದಲು ಫೈರ್‌ವಾಲ್ ಅನುಮತಿ ನೋಡಿ, ಕೇಬಲ್ ಕೀಳಲು ಹೋಗಬೇಡಿ. ಚಿತ್ರ ಸಂಸ್ಕರಣೆ ಪಿಸಿಯಲ್ಲೇ ನಡೆಯುವ ಸಾಧನವಾದರೆ ಗ್ರಾಫಿಕ್ಸ್ ಕಾರ್ಡ್ ಮೇಲೆ ಆಟ ಮತ್ತು ಮಾನಿಟರ್ ಎರಡರ ಹೊರೆಯೂ ಬೀಳುತ್ತದೆ, ಅದಕ್ಕೆ ತಕ್ಕಂತೆ ಒಂದು ಮೆಟ್ಟಿಲು ಮೇಲಿನ ಕಾರ್ಡ್ ಆರಿಸಿ, 16 ಜಿಬಿ ರ್‍ಯಾಮ್ ಕನಿಷ್ಠ.

ಇಷ್ಟೆಲ್ಲ ಆದಮೇಲೂ ಚೆಂಡು ಬಯಲಿಗಿಂತ ಹತ್ತು ಗಜ ಕಡಿಮೆಯೋ ಹೆಚ್ಚೋ ಹೋಗುತ್ತಿದ್ದರೆ ಮಾನಿಟರ್‌ಗೆ ಬೈಯುವ ಮೊದಲು ಜಿಎಸ್‌ಪ್ರೊದಲ್ಲಿ ಸಮುದ್ರಮಟ್ಟದ ಎತ್ತರ, ಉಷ್ಣಾಂಶ ಏನಿದೆ ನೋಡಿ. ಚೆಂಡಿನ ವೇಗ, ಹೊರಟ ಕೋನ, ಸ್ಪಿನ್ ಮೂರೂ ಸರಿಯಾಗಿದ್ದು ದೂರ ಮಾತ್ರ ತಪ್ಪಿದ್ದರೆ ಅದು ತಂತ್ರಾಂಶದ ಗಾಳಿ ಹವಾಮಾನದ ಲೆಕ್ಕ, ಚಾವಣಿಯ ಪೆಟ್ಟಿಗೆಯದ್ದಲ್ಲ.